ಪರದೇಶಿಯ ಹಕ್ಕು

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು ಎಂಬುದು ಇನ್ನೊಂದು. ಹಳ್ಳಿಯ ಅಜ್ಜಿಯರು ‘ಅಯ್ಯೋ, ಮಗು ಪರದೇಶಿಯಾಗಿಬಿಟ್ಟಿತು’ ಎಂದು ಮರುಗುತ್ತಿದ್ದುದು ಹಡಗು ಹತ್ತಿದವನನ್ನು ಕುರಿತಲ್ಲ, ತಾಯಿಯಿಲ್ಲದ ಕೂಸನ್ನು ಕುರಿತು. ತನ್ನವರಿಲ್ಲದ ಕಡೆ ಇರುವುದೂ, ತನ್ನವರೆಂಬುವರೇ ಇಲ್ಲದಿರುವುದೂ ಒಂದೇ ಸ್ಥಿತಿ ಎಂದು ಭಾಷೆ ಎಂದೋ ತೀರ್ಮಾನ ಮಾಡಿಬಿಟ್ಟಿದೆ. ಅದೇ ಭಾಷೆಯೇ ‘ದೇಶ ಸುತ್ತು, ಕೋಶ ಓದು’ ಎಂದು ಮಕ್ಕಳಿಗೆ ಬುದ್ಧಿ ಹೇಳಿದೆ. ಸುತ್ತಿ ಬಾ ಎಂದಿತೇ ಹೊರತು, ಹೋದಲ್ಲಿ ಕೆಲಸ ಕೇಳಿದರೆ ಕೊಡಬೇಕಾದವರು ಯಾರು, ಏಕೆ ಕೊಡಬೇಕು, ಕೊಡದಿದ್ದರೆ ಅದು ಅನ್ಯಾಯವೇ ಎಂಬುದನ್ನು ವಿಚಾರಿಸುವ ಗೋಜಿಗೆ ಅದು ಹೋಗಲಿಲ್ಲ. ಆ ವಿಚಾರ ಈಗ ನಮ್ಮ ಪಾಲಿಗೆ ಬಂದಿದೆ.

ಬೆಂಗಳೂರಿನಿಂದ ಹೊರಟ ರೈಲು ಅರಸೀಕೆರೆಯನ್ನು ದಾಟಿ ಕಡೂರಿಗೆ ಬರುತ್ತದೆ. ಮುಂದೆ ಬೀರೂರಿನಲ್ಲಿ ದಾರಿ ಎರಡಾಗಿ, ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೂ ಹೋಗುತ್ತದೆ. ಮೂರೂ ನೆರೆಯ ಊರುಗಳು. ನೆಲ ಮಾತ್ರ ಬೇರೆ ಬೇರೆ. ಕಡೂರಿನ ಕಡೆ ರಾಗಿ, ತೆಂಗು, ಮಳೆಯ ದಾರಿ ಕಾಯುವ ಕೆರೆಗಳು. ಅಜ್ಜಂಪುರದ ಕಡೆ ಎರೆಹೊಲ, ಈರುಳ್ಳಿ, ಅಮೃತಮಹಲ್ ದನಗಳ ಕಾವಲು. ತರೀಕೆರೆಯ ಕಡೆ ಅಡಕೆಯ ತೋಟ, ಅದರ ಹಿಂದೆ ಮಲೆ. ಹಿಂದೆ ಈ ಊರುಗಳಲ್ಲಿ ಓದಿದ ಹುಡುಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಗುಮಾಸ್ತನಾಗಿ, ಮೇಷ್ಟರಾಗಿ, ಇಂಜಿನಿಯರಾಗಿ ನಿಂತರೆ ಅದೇ ದೊಡ್ಡ ಪ್ರಯಾಣವೆನಿಸುತ್ತಿತ್ತು. ಈಗ ಬೆಂಗಳೂರು ನಡುವಣ ನಿಲ್ದಾಣ ಮಾತ್ರ. ದಾರಿ ಟೆಕ್ಸಾಸಿಗೂ ಮ್ಯೂನಿಕ್ಕಿಗೂ ಮೆಲ್ಬರ್ನಿಗೂ ಮುಂದುವರಿದಿದೆ.

ಈ ಪ್ರಯಾಣಕ್ಕೆ ತಗಲುವ ಹಣ ಸಣ್ಣದಲ್ಲ. ೭.೫ ಲಕ್ಷ ರೂಪಾಯಿಗೆ ಮೀರಿದ ಓದಿನ ಸಾಲವೆಂದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ಹೊಲ ತೋಟಗಳನ್ನು ಆಧಾರವಾಗಿ ಹಿಡಿಯಲು ಅವು ಹಿಂಜರಿಯುವುದರಿಂದ, ತಂದೆ ಕಟ್ಟಿಸಿದ ಮನೆಯ ಪತ್ರವೇ ಬ್ಯಾಂಕಿಗೆ ಹೋಗುತ್ತದೆ. ಮಗನೋ ಮಗಳೋ ಎರಡು ವರ್ಷ ಓದಿ ಪದವಿ ಪಡೆದ ಮೇಲೆ ಕೆಲಸ ಹುಡುಕಬೇಕು. ಅಮೆರಿಕ ಹೀಗೆ ಓದಿದವರಿಗೆ ಕೆಲಸದಲ್ಲಿ ಪಳಗಲೆಂದು ಒಂದು ವರ್ಷವನ್ನೂ, ವಿಜ್ಞಾನ ಮತ್ತು ತಾಂತ್ರಿಕ ವಿಷಯಗಳವರಿಗೆ ಇನ್ನೆರಡು ವರ್ಷವನ್ನೂ ಕೊಡುತ್ತ ಬಂದಿದೆ. ಆ ಗಡುವಿನೊಳಗೆ ಯಾರಾದರೊಬ್ಬ ಮಾಲಿಕನು ‘ಇವನು ನನಗೆ ಬೇಕು’ ಎಂದು ಸರ್ಕಾರಕ್ಕೆ ಬರೆದುಕೊಡಬೇಕು. ಇಲ್ಲವಾದರೆ ಸಾಲದೊಡನೆ ಊರಿಗೆ ಮರಳಬೇಕು.

ಹೀಗೆ ಕೆಲಸಕ್ಕೆ ಹಾಕುವ ಅರ್ಜಿಯಲ್ಲಿ ಹೆಸರು, ಓದು, ಅನುಭವಗಳ ನಡುವೆ ಒಂದು ಪ್ರಶ್ನೆ ಇರುತ್ತದೆ: ಈಗಾಗಲಿ ಮುಂದಾಗಲಿ ನಿಮಗೆ ಕೆಲಸದ ವೀಸಾವನ್ನು ನಾವು ಕೊಡಿಸಬೇಕಾಗುವುದೇ? ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಹೌದು ಎಂದು ಹಾಕಿದವನ ಅರ್ಜಿಯನ್ನು ಎಷ್ಟೋ ಕಡೆ ಮುಂದೆ ಓದುವುದೇ ಇಲ್ಲ. ಅವನ ಅಂಕಗಳು ಸೋತದ್ದಲ್ಲ, ಕೈಕೆಲಸ ಸೋತದ್ದಲ್ಲ; ತಕ್ಕಡಿಗೆ ಏರುವ ಮೊದಲೇ ಅವನನ್ನು ಕೆಳಗಿಳಿಸಿದ್ದಾಯಿತು. ಇಂಥ ನೂರು ಅರ್ಜಿಗಳ ತರುವಾಯ ಕಡೂರಿನ ಮನೆಗೆ ದೂರವಾಣಿಯಲ್ಲಿ ‘ಇನ್ನೂ ನೋಡ್ತಾ ಇದೀನಿ ಅಪ್ಪಾ’ ಎಂಬ ಮಾತು ಬರುತ್ತದೆ. ಇದು ಅನ್ಯಾಯವೆಂದು ತಂದೆಗೆ ತೋರುತ್ತದೆ. ತೋರುವುದು ಸಹಜ. ಆದರೆ ತೋರಿಕೆಯೊಂದೇ ಸಾಲದು. ಅನ್ಯಾಯ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಆ ಮಾಲಿಕನ ಕಡೆಯ ಮಾತನ್ನೂ ಕೇಳೋಣ. ಅಮೆರಿಕದಲ್ಲಿ ೧೯೯೦ರ ಕಾಯಿದೆಯಿಂದ ಬಂದ ಪರಿಣತರ ವೀಸಾಗಳಿಗೆ ವರ್ಷಕ್ಕೆ ೬೫,೦೦೦ ಎಂಬ ಮಿತಿ ಇದೆ. ಅಲ್ಲಿಯೇ ಮೇಲ್ಪದವಿ ಪಡೆದವರಿಗೆ ಇನ್ನು ೨೦,೦೦೦. ಅರ್ಜಿಗಳು ಮಿತಿ ಮೀರಿದುದರಿಂದ ಅನೇಕ ವರ್ಷ ಚೀಟಿ ಎತ್ತಿದಂತೆ ಆಯ್ಕೆ ನಡೆಯಿತು. ೨೦೨೫ರ ಸೆಪ್ಟೆಂಬರಿನಲ್ಲಂತೂ, ಹೊರಗಿನಿಂದ ಹೊಸದಾಗಿ ಕರೆಸಿಕೊಳ್ಳುವ ಒಬ್ಬೊಬ್ಬನಿಗೂ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಆಜ್ಞೆ ಹೊರಟಿತು. ಸಿಕ್ಕೀತೋ ಇಲ್ಲವೋ ತಿಳಿಯದ ಅನುಮತಿಗಾಗಿ ವಕೀಲರಿಗೆ ಹಣ ತೆತ್ತು ಕಾಯುವುದಕ್ಕಿಂತ, ನಾಳೆಯೇ ಬಂದು ಕೂರಬಲ್ಲ ಊರಿನವನನ್ನು ಹಿಡಿಯುವುದು ಸುಲಭವೆಂದು ಅವನು ಎಣಿಸಿದರೆ ಅವನನ್ನು ದುಷ್ಟನೆನ್ನಲಾಗದು. ಅವನ ಹಿಂದೆ ಅವನ ದೇಶವಿದೆ. ಆ ದೇಶದ ನಿರುದ್ಯೋಗಿಗೂ ತಾಯಿ ತಂದೆಗಳಿದ್ದಾರೆ, ಸಾಲವಿದೆ. ಅವನು ಕೇಳುವ ಮಾತಿಗೆ ಉತ್ತರ ಸುಲಭವಲ್ಲ: ‘ಇಲ್ಲಿ ಸೋತರೆ ನಿನಗೆ ಹಿಂದಿರುಗಲು ಒಂದು ಮನೆಯಿದೆ. ನನಗೆ ಇರುವುದು ಇದೊಂದೇ ಮನೆ. ಇಲ್ಲಿಯೂ ನನಗೆ ಮೊದಲ ತುತ್ತಿಲ್ಲವಾದರೆ ಇನ್ನೆಲ್ಲಿ?’

ಈ ಮಾತು ನಮಗೇನೂ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮದರಾಸು ಪ್ರಾಂತದಿಂದ ಬಂದವರು ಮೈಸೂರು ಸಂಸ್ಥಾನದ ದೊಡ್ಡ ಹುದ್ದೆಗಳನ್ನು ಹಿಡಿದಾಗ ‘ಮೈಸೂರು ಮೈಸೂರಿಗರಿಗೆ’ ಎಂಬ ಕೂಗನ್ನು ಎಬ್ಬಿಸಿದವರು ನಾವೇ. ೧೮೮೩ರಿಂದ ೧೯೦೧ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರೂ ಹೊರಗಿನವರೆಂಬ ಮಾತಿಗೆ ಗುರಿಯಾದರು. ಶಿವನಸಮುದ್ರದ ವಿದ್ಯುತ್ತು ಅವರ ಕಾಲದ ಯೋಜನೆ. ಆ ದೀಪದಡಿಯಲ್ಲಿ ಕುಳಿತವರಿಗೆ ಕೂಗು ತಪ್ಪೆನಿಸಬಹುದು. ಆದರೆ ಓದಿಯೂ ಕೆಲಸವಿಲ್ಲದೆ ಕುಳಿತಿದ್ದ ಮೈಸೂರಿನ ಹುಡುಗನ ಸಂಕಟ ಸುಳ್ಳಾಗಿರಲಿಲ್ಲ. ೧೯೮೦ರ ದಶಕದಲ್ಲಿ ಸರೋಜಿನಿ ಮಹಿಷಿಯವರ ಸಮಿತಿ ಕನ್ನಡಿಗರ ಉದ್ಯೋಗವನ್ನು ಕುರಿತು ವರದಿ ಕೊಟ್ಟಿತು. ೨೦೨೪ರ ಜುಲೈಯಲ್ಲಿ, ಖಾಸಗಿ ಉದ್ಯಮಗಳ ಆಡಳಿತದ ಹುದ್ದೆಗಳಲ್ಲಿ ನೂರಕ್ಕೆ ೫೦ನ್ನೂ ಉಳಿದ ಹುದ್ದೆಗಳಲ್ಲಿ ನೂರಕ್ಕೆ ೭೦ನ್ನೂ ಸ್ಥಳೀಯರಿಗೇ ಮೀಸಲಿಡುವ ಮಸೂದೆಗೆ ರಾಜ್ಯದ ಮಂತ್ರಿಮಂಡಲ ಒಪ್ಪಿಗೆ ಕೊಟ್ಟು, ಗದ್ದಲವೆದ್ದ ಕೂಡಲೆ ಅದನ್ನು ತಡೆಹಿಡಿಯಿತು. ಮಸೂದೆ ಸರಿಯೋ ತಪ್ಪೋ, ಅದರ ಹಿಂದಿನ ಭಾವನೆಯನ್ನು ನಾವು ಬಲ್ಲೆವು. ಬೆಂಗಳೂರಿನಲ್ಲಿ ಈ ಭಾವನೆಯನ್ನು ನ್ಯಾಯವೆಂದು ಕರೆದು, ಓಹಾಯೋದಲ್ಲಿ ಅದನ್ನೇ ದ್ವೇಷವೆಂದು ಕರೆದರೆ ನಮ್ಮ ತಕ್ಕಡಿಯಲ್ಲಿ ಏನೋ ದೋಷವಿದೆ ಎಂದೇ ಅರ್ಥ.

ಆದುದರಿಂದ ಮೊದಲ ಮಾತನ್ನು ಒಪ್ಪಿಕೊಂಡುಬಿಡೋಣ: ಯಾವ ದೇಶವೂ ಪರದೇಶಿಗೆ ಕೆಲಸವನ್ನು ಋಣವಾಗಿ ಕೊಡಬೇಕಾಗಿಲ್ಲ. ಯೋಗ್ಯತೆಯು ಹುದ್ದೆಯ ಪಟ್ಟಾ ಅಲ್ಲ. ಬಾಗಿಲನ್ನು ಎಷ್ಟು ತೆರೆಯಬೇಕೆಂಬುದನ್ನು ಮನೆಯವರು ತೀರ್ಮಾನಿಸಬಹುದು.

ಆದರೆ ಹೇಗೆ ತೀರ್ಮಾನಿಸುತ್ತಾರೆ ಎಂಬುದು ಬೇರೆ ಪ್ರಶ್ನೆ. ೧೯೨೩ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯನ ಮೊಕದ್ದಮೆಯಲ್ಲಿ, ಜನಸಾಮಾನ್ಯರ ತಿಳಿವಳಿಕೆಯಂತೆ ಅವನು ಬಿಳಿಯನಲ್ಲ, ಆದ್ದರಿಂದ ಪ್ರಜೆಯಾಗಲಾರ ಎಂದು ತೀರ್ಪು ಕೊಟ್ಟಿತು. ಮೊದಲ ಮಹಾಯುದ್ಧದಲ್ಲಿ ಆತ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ. ೧೯೪೬ರಲ್ಲಿ ಬಾಗಿಲು ಸ್ವಲ್ಪ ತೆರೆದಾಗ ಇಡೀ ಭಾರತಕ್ಕೆ ದೊರೆತದ್ದು ವರ್ಷಕ್ಕೆ ನೂರು ಜನರ ಪಾಲು. ೧೯೬೫ರ ಕಾಯಿದೆಯ ನಂತರವೇ ನಮ್ಮ ಡಾಕ್ಟರುಗಳೂ ಇಂಜಿನಿಯರುಗಳೂ ಹೆಚ್ಚಿನ ಸಂಖ್ಯೆಯಲ್ಲಿ ಹೋಗುವಂತಾಯಿತು. ‘ನಮ್ಮಲ್ಲಿ ಜಾಗ ಕಡಿಮೆ’ ಎನ್ನುವುದಕ್ಕೂ ‘ನೀನು ಕಡಿಮೆ’ ಎನ್ನುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಮೊದಲನೆಯದನ್ನು ಕೇಳಿ ದುಃಖಪಡಬಹುದು. ಎರಡನೆಯದನ್ನು ಕೇಳಿ ಸುಮ್ಮನಿರಬಾರದು.

ಪರದೇಶಿಯೊಬ್ಬನನ್ನು ಕೆಲಸದಿಂದಲೇ ಅಳೆಯುವುದೆಂದರೆ ಏನೆಂಬುದಕ್ಕೆ ಉದಾಹರಣೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಇದೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ಅದರ ಮಲೆನಾಡಿನ ಅಡಕೆಗೆ ಮಳೆಗಾಲದಲ್ಲಿ ಕೊಳೆರೋಗ ತಗಲಿ, ಎಳೆಗಾಯಿ ಮರದಡಿಯಲ್ಲಿ ಉದುರಿ ಕೊಳೆಯುತ್ತಿತ್ತು. ಮಳೆ ತಗಲದಂತೆ ಗೊನೆಗಳಿಗೆ ಕೊಟ್ಟೆ ಕಟ್ಟುವುದು ಬೆಳೆಗಾರರು ತಾವೇ ಕಂಡುಕೊಂಡಿದ್ದ ಉಪಾಯ. ಆದರೆ ಒಂದೊಂದು ಮರವನ್ನೂ ಹತ್ತಿ ಒಂದೊಂದು ಗೊನೆಗೂ ಅದನ್ನು ಕಟ್ಟುವ ಶ್ರಮ ಅಷ್ಟಿಷ್ಟಲ್ಲ. ೧೯೦೮ರಲ್ಲಿ ಮೈಸೂರು ಸರ್ಕಾರ ಸಸ್ಯರೋಗ ಮತ್ತು ಕೀಟಗಳನ್ನು ಬಲ್ಲ ಲೆಸ್ಲಿ ಕೋಲ್ಮನ್ ಎಂಬ ತರುಣನನ್ನು ಕೆಲಸಕ್ಕೆ ಕರೆಯಿತು. ಹುಟ್ಟಿದ್ದು ಕೆನಡಾ, ದೊಡ್ಡ ಪದವಿ ಪಡೆದದ್ದು ಜರ್ಮನಿಯ ಗಟ್ಟಿಂಗೆನ್, ಕೆಲಸ ಸಿಕ್ಕಿದ್ದು ಮೈಸೂರು. ಉದ್ಯೋಗಕ್ಕಾಗಿ ದೇಶ ಬಿಟ್ಟು ದೇಶಕ್ಕೆ ಬಂದ ಪರದೇಶಿ ಅವರು.

ಕೋಲ್ಮನ್ ತೋಟಗಳಿಗೆ ಹೋದರು. ಕೊಳೆತ ಕಾಯಿಯನ್ನು ತಂದು ಅದರಲ್ಲಿದ್ದ ಶಿಲೀಂಧ್ರವನ್ನು ಗುರುತಿಸಿದರು. ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗಳ ಮೇಲೆ ಸಿಂಪಡಿಸಿದರೆ ರೋಗವನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ೧೯೧೦ರಲ್ಲಿ ಆ ಸಂಶೋಧನೆ ಪ್ರಕಟವಾಯಿತು. ನೂರು ವರ್ಷ ಕಳೆದರೂ ಮಲೆನಾಡಿನ ತೋಟಗಳಲ್ಲಿ ಮುಂಗಾರಿನ ವೇಳೆಗೆ ಅದೇ ನೀಲಿಯ ನೀರು ಮರ ಏರುತ್ತದೆ. ಮುಂದೆ ಅವರು ಸಂಸ್ಥಾನದ ಕೃಷಿ ಇಲಾಖೆಗೇ ಮುಖ್ಯಸ್ಥರಾದರು. ಅವರ ಕಾಲದಲ್ಲಿ ಹೆಬ್ಬಾಳದಲ್ಲಿ ಕೃಷಿಶಾಲೆಯೂ, ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನ ಕೇಂದ್ರವೂ ಹುಟ್ಟಿದವು. ೧೯೩೪ರಲ್ಲಿ ಅವರು ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು.

ಅಂದು ಬಿಳಿಯ ಬಣ್ಣವೇ ಒಂದು ಶಿಫಾರಸಾಗಿತ್ತಲ್ಲವೇ ಎಂದು ಓದುಗರು ಕೇಳಬಹುದು. ನಿಜ, ಆಗಿತ್ತು. ಬ್ರಿಟಿಷ್ ಚಕ್ರಾಧಿಪತ್ಯದ ಕಾಲದಲ್ಲಿ ಕೆನಡಾದವನಿಗೆ ಮೈಸೂರಿನ ಬಾಗಿಲು ತೆರೆದಷ್ಟು ಸುಲಭವಾಗಿ ಮೈಸೂರಿನವನಿಗೆ ಕೆನಡಾದ ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ಬಣ್ಣದ ಶಿಫಾರಸು ಸರ್ಕಾರದ ಕಚೇರಿಯವರೆಗೆ ನಡೆದೀತು. ಅಡಕೆಯ ಮರದ ತುದಿಯವರೆಗೆ ನಡೆಯದು. ಗೊನೆಯಲ್ಲಿ ಕಾಯಿ ನಿಂತಿತೋ ಉದುರಿತೋ ಎಂಬುದೊಂದೇ ಬೆಳೆಗಾರನ ಲೆಕ್ಕ. ಆ ಲೆಕ್ಕದಲ್ಲಿ ಕೋಲ್ಮನ್ ಗೆದ್ದರು. ಹುಟ್ಟಿನಿಂದ ಬರದ ಹಕ್ಕು ದುಡಿಮೆಯಿಂದ ಬಂದಿತು.

ಇನ್ನೊಬ್ಬರ ಕಥೆ ಇದಕ್ಕಿಂತ ಕಹಿಯಾದುದು. ಆಟೋ ಕೊಯೆನಿಗ್ಸ್‌ಬರ್ಗರ್ ಬರ್ಲಿನ್ನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ, ಯೆಹೂದಿ ಮೂಲದವರು. ೧೯೩೩ರಲ್ಲಿ ನಾಜಿಗಳ ಆಳ್ವಿಕೆ ಬಂದಾಗ ಅವರ ಸರ್ಕಾರಿ ಕೆಲಸ ಹೋಯಿತು. ಹುಟ್ಟಿದ ದೇಶವೇ ಅವರನ್ನು ಪರದೇಶಿ ಮಾಡಿತು. ಈಜಿಪ್ಟಿನಲ್ಲಿ ಕೆಲವು ಕಾಲ ಕಳೆದು, ೧೯೩೯ರಲ್ಲಿ ಅವರು ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳೂ, ತರೀಕೆರೆಯ ನೆರೆಯ ಭದ್ರಾವತಿಗೆ ಹಾಕಿದ ಹೊಸ ಊರಿನ ನಕ್ಷೆಯೂ ಅವರವು. ‘ಮನೆಯವನಿಗೆ ಮೊದಲ ತುತ್ತು’ ಎಂಬ ನ್ಯಾಯದಲ್ಲಿ ಅಡಗಿರುವ ಅಪಾಯವನ್ನು ಈ ಜೀವನ ತೋರಿಸುತ್ತದೆ. ಮನೆಯವನು ಯಾರು ಎಂಬುದನ್ನು ತೀರ್ಮಾನಿಸುವ ಅಧಿಕಾರ ಒಮ್ಮೆ ಕೆಟ್ಟವರ ಕೈಗೆ ಹೋದರೆ, ಮನೆಯಲ್ಲಿ ಹುಟ್ಟಿದವನೂ ಬೀದಿಯ ಪಾಲಾಗಬಹುದು.

ಈ ಇಬ್ಬರಿಂದಲೂ ಎರಡನೆಯ ಮಾತು ಹೊರಡುತ್ತದೆ. ಬಾಗಿಲಲ್ಲಿ ನಿಂತವನಿಗೆ ಒಂದು ನ್ಯಾಯ. ಒಳಗೆ ಬಂದು ಒಲೆಗೆ ಸೌದೆ ಹಾಕಿದವನಿಗೆ ಇನ್ನೊಂದು ನ್ಯಾಯ. ಬಾಗಿಲಲ್ಲಿ ನಿಂತವನಿಗೆ ‘ಇಲ್ಲ’ ಎನ್ನಬಹುದು. ಬಾ ಎಂದು ಕರೆದು ದುಡಿಸಿಕೊಂಡು, ನಡುವೆ ಮಾತು ಬದಲಿಸುವಂತಿಲ್ಲ. ೨೦೦೨ರಲ್ಲಿ ಬ್ರಿಟನ್ ಹೆಚ್ಚು ಪರಿಣತರಾದ ವಲಸಿಗರಿಗೆಂದು ಒಂದು ಯೋಜನೆಯನ್ನು ತೆರೆದು, ಓದು, ಅನುಭವ, ಸಂಪಾದನೆಗಳಿಗೆ ಅಂಕ ಕೊಟ್ಟು ಜನರನ್ನು ಬರಮಾಡಿಕೊಂಡಿತು. ಬ್ರಿಟನ್ನನ್ನೇ ತಮ್ಮ ಮುಖ್ಯ ಮನೆಯಾಗಿ ಮಾಡಿಕೊಳ್ಳುವ ಉದ್ದೇಶವುಂಟೆಂದು ಅವರು ಬರೆದುಕೊಡಬೇಕಾಗಿತ್ತು. ಅನೇಕ ಭಾರತೀಯರು ಊರಿನ ಕೆಲಸ ಬಿಟ್ಟು ಹೋದರು. ೨೦೦೬ರ ನವೆಂಬರಿನಲ್ಲಿ ಅಂಕದ ಲೆಕ್ಕ ಬದಲಾಯಿತು. ಹೊಸ ಲೆಕ್ಕವನ್ನು ಆಗಲೇ ಬಂದು ನೆಲೆಸಿದ್ದವರಿಗೂ ಅನ್ವಯಿಸಲಾಯಿತು. ಅವರು ನ್ಯಾಯಾಲಯಕ್ಕೆ ಹೋದರು. ೨೦೦೮ರ ಏಪ್ರಿಲಿನಲ್ಲಿ ಲಂಡನ್ನಿನ ಹೈಕೋರ್ಟು, ನಂಬಿ ಬಂದವರ ಮೇಲೆ ಹೊಸ ನಿಯಮವನ್ನು ಹೇರಿದ್ದು ಅನ್ಯಾಯವೆಂದು ತೀರ್ಪಿತ್ತಿತು. ಪರದೇಶಿಗೂ ನಂಬಿಕೆಯ ಹಕ್ಕುಂಟೆಂದು ಆ ದೇಶದ ನ್ಯಾಯಾಧೀಶರೇ ಹೇಳಿದಂತಾಯಿತು.

ಎಲ್ಲ ಕಡೆಯೂ ಹೀಗೆ ಹೇಳುವವರಿಲ್ಲ. ಅಮೆರಿಕದಲ್ಲಿ ಉದ್ಯೋಗದ ಮೂಲಕ ಶಾಶ್ವತವಾಗಿ ನೆಲೆಸುವ ಅನುಮತಿಗಳು ವರ್ಷಕ್ಕೆ ಸುಮಾರು ೧,೪೦,೦೦೦. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ನೂರಕ್ಕೆ ಏಳಕ್ಕಿಂತ ಹೆಚ್ಚಿಲ್ಲ. ಭಾರತದಲ್ಲಿ ಹುಟ್ಟಿದವರ ಸಾಲು ದಶಕಗಳಷ್ಟು ಉದ್ದವಾಗಿದೆ. ಒಂದೇ ಕಚೇರಿಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ನಾರ್ವೆಯಲ್ಲಿ ಹುಟ್ಟಿದವನು ಬೇಗ ನೆಲೆ ಕಂಡರೆ, ಅಜ್ಜಂಪುರದಲ್ಲಿ ಹುಟ್ಟಿದವನು ತಲೆ ನರೆಯುವವರೆಗೂ ಕಾಯುತ್ತಾನೆ. ಕೆಲಸ ಹೋದರೆ ಅರವತ್ತು ದಿನಗಳೊಳಗೆ ಬೇರೆ ಮಾಲಿಕನನ್ನೋ ಬೇರೆ ದಾರಿಯನ್ನೋ ಹುಡುಕಬೇಕು. ಚಿಕ್ಕಂದಿನಲ್ಲಿ ಜೊತೆಗೆ ಕರೆದೊಯ್ದ ಮಗುವಿಗೆ ಇಪ್ಪತ್ತೊಂದು ತುಂಬಿದರೆ ತಂದೆಯ ವೀಸಾದ ಆಸರೆ ತಪ್ಪುತ್ತದೆ. ಆ ಹುಡುಗಿಗೆ ಕಡೂರೆಂದರೆ ಬೇಸಗೆಯ ರಜೆಯಲ್ಲಿ ಕಂಡ ಅಜ್ಜಿಯ ಮನೆ, ಅಷ್ಟೇ. ‘ನಿನಗೆ ಹಿಂದಿರುಗಲು ಮನೆಯಿದೆ’ ಎಂಬ ಮಾತು ತಂದೆಯ ವಿಷಯದಲ್ಲಿ ಒಂದು ಕಾಲಕ್ಕೆ ನಿಜವಾಗಿತ್ತು. ಮಗಳ ವಿಷಯದಲ್ಲಿ ಅದು ಸುಳ್ಳು. ಅವಳಿಗೂ ಇರುವುದು ಅದೊಂದೇ ಮನೆ. ಸ್ಥಳೀಯನ ಹಕ್ಕಿಗೆ ಯಾವ ಕಾರಣವನ್ನು ನಾವು ಒಪ್ಪಿದೆವೋ ಅದೇ ಕಾರಣ ಈಗ ಅವಳ ಕಡೆಗೆ ನಿಂತು ಮಾತಾಡುತ್ತದೆ. ನನ್ನ ಎಣಿಕೆಯಲ್ಲಿ ಅನ್ಯಾಯ ಮೊದಲಾಗುವುದು ಇಲ್ಲಿ. ಅರ್ಜಿಯ ಆ ಗುರುತಿನಲ್ಲಲ್ಲ.

ಹಕ್ಕಿನ ಮಾತಾಡಿದವರು ಹೊಣೆಯ ಮಾತನ್ನೂ ಆಡಬೇಕು. ಪರದೇಶದಲ್ಲಿ ಕೆಲಸ ಹುಡುಕುವವನ ಮೊದಲ ಹೊಣೆ ಸತ್ಯ. ಪದವಿ ಪಡೆದ ಮರುದಿನವೇ ಎಂಟು ವರ್ಷದ ಅನುಭವವನ್ನು ಬರೆದುಕೊಡುವ ದಲ್ಲಾಳಿಗಳಿದ್ದಾರೆ. ಬೇರೆಯವರನ್ನು ಸಂದರ್ಶನಕ್ಕೆ ಕೂರಿಸುವವರೂ ಇದ್ದಾರೆ. ಸಾಲದ ಭಾರ ಹೊತ್ತ ಹುಡುಗನಿಗೆ ಇದು ಸಣ್ಣ ಸುಳ್ಳೆನಿಸುತ್ತದೆ. ಆದರೆ ಅದರ ದಂಡವನ್ನು ಕಟ್ಟುವವನು ಅವನಲ್ಲ. ಮುಂದಿನ ವರ್ಷ ಅದೇ ಬಾಗಿಲಿಗೆ ಬರುವ, ಸುಳ್ಳು ಹೇಳದ ತರೀಕೆರೆಯ ಹುಡುಗಿ. ಎರಡನೆಯ ಹೊಣೆ, ತನ್ನ ದುಡಿಮೆಯನ್ನು ಅಗ್ಗಕ್ಕೆ ಮಾರದಿರುವುದು. ಅರ್ಧ ಸಂಬಳಕ್ಕೆ ಒಪ್ಪಿ ಊರಿನವನ ಅನ್ನ ಕಸಿದರೆ ಊರಿನವನ ಸಿಟ್ಟನ್ನು ದ್ವೇಷವೆನ್ನಲು ಬಾಯಿ ಬರುವುದಿಲ್ಲ. ಅಲ್ಲಿನ ನುಡಿಯನ್ನು ಕಲಿಯುವುದು ಮೂರನೆಯದು. ಬೆಂಗಳೂರಿನಲ್ಲಿ ಹತ್ತು ವರ್ಷವಿದ್ದೂ ಕನ್ನಡ ಬಾರದವನನ್ನು ಕಂಡು ಮುಖ ಸಿಂಡರಿಸುವ ನಾವು, ಮ್ಯೂನಿಕ್ಕಿನಲ್ಲಿ ಜರ್ಮನ್ ಕಲಿಯದೆ ಇಂಗ್ಲಿಷಿನಲ್ಲೇ ಕಾಲ ನೂಕಿದರೆ ಹೇಗೆ?

ತನಗೆ ತಾನು ಸಲ್ಲಿಸಬೇಕಾದ ಹೊಣೆಯೂ ಒಂದುಂಟು. ಯಾರೂ ಓದದೆ ಬದಿಗಿಟ್ಟ ಅರ್ಜಿ ಅವನ ಯೋಗ್ಯತೆಯ ಮೇಲಿನ ತೀರ್ಪಲ್ಲ. ಸಂತೆಯಲ್ಲಿ ಮಾರದೆ ಉಳಿದ ಈರುಳ್ಳಿ ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಆ ದಿನ ಹೆಚ್ಚು ಗಾಡಿಗಳು ಬಂದಿರಬಹುದು. ಅಜ್ಜಂಪುರದ ರೈತನಿಗೆ ತಿಳಿದಿರುವ ಈ ವಿವೇಕ ಅವನ ಮಗನಿಗೂ ಇರಬೇಕು. ‘ಅವರ ಮಗನಿಗೆ ಸಿಕ್ಕಿತಂತೆ, ನಿನಗೇಕೆ ಸಿಗಲಿಲ್ಲ?’ ಎಂದು ಕೇಳುವ ನೆಂಟರಿಗೆ ಇನ್ನೂ ಹೆಚ್ಚಾಗಿ ಇರಬೇಕು. ಬರಿಗೈಯಲ್ಲಿ ಮರಳಿದವನಿಗೆ ಊರಿನಲ್ಲಿ ಮರ್ಯಾದೆಯಿಂದ ನಿಲ್ಲಲು ಜಾಗವಿಲ್ಲದಂತೆ ಮಾಡಿದರೆ, ಅವನನ್ನು ಎರಡು ದೇಶಗಳಲ್ಲಿ ಪರದೇಶಿ ಮಾಡಿದ ಪಾಪ ನಮ್ಮದಾಗುತ್ತದೆ.

ಕೊನೆಯದಾಗಿ, ನಮ್ಮ ಬಾಗಿಲಿನ ಮಾತು. ಇಂದು ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ಅಸ್ಸಾಮಿನ ಕಡೆಯಿಂದ ಬಂದ ಕೆಲಸಗಾರರಿದ್ದಾರೆ. ಅವರ ಹೆಂಗಸರು ಮಕ್ಕಳು ತೋಟದ ಲೈನುಗಳಲ್ಲಿ ವಾಸವಾಗಿದ್ದಾರೆ. ಕಾನೂನಿನಂತೆ ಅವರು ಪರದೇಶಿಗಳಲ್ಲ, ನಮ್ಮ ಜೊತೆಯ ಪ್ರಜೆಗಳು. ದೇಶದ ಯಾವ ಭಾಗದಲ್ಲಾದರೂ ನೆಲೆಸಿ ದುಡಿಯುವ ಹಕ್ಕನ್ನು ಸಂವಿಧಾನವೇ ಅವರಿಗೆ ಕೊಟ್ಟಿದೆ. ಆದರೂ ‘ಎಲ್ಲಿಂದಲೋ ಬಂದವರು’ ಎಂಬ ಮಾತು ನಮ್ಮ ಬಾಯಲ್ಲಿ ಎಷ್ಟು ಸುಲಭವಾಗಿ ಹೊರಡುತ್ತದೆ! ಅವರ ಮಗು ನಮ್ಮ ಊರಿನ ಶಾಲೆಯಲ್ಲಿ ಕನ್ನಡದ ಕಾಗುಣಿತವನ್ನು ತಿದ್ದುವಾಗ, ಅದು ಯಾರ ಮಗು ಎಂದು ನಾವು ಕೇಳುವ ಧಾಟಿ ಯಾವುದು? ಟೆಕ್ಸಾಸಿನಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಗಳನ್ನು ಕುರಿತು ಅಲ್ಲಿನವರು ಯಾವ ಧಾಟಿಯಲ್ಲಿ ಕೇಳಬೇಕೆಂದು ನಾವು ಬಯಸುತ್ತೇವೆಯೋ ಅದೇ ಧಾಟಿಯೇ?

ಅಲ್ಲಿನ ಸರ್ಕಾರಗಳು ಏನು ಮಾಡಬೇಕೆಂಬುದನ್ನು ಕಡೂರಿನಲ್ಲಿ ಕುಳಿತು ತೀರ್ಮಾನಿಸಲಾಗದು. ನಮ್ಮ ತೋಟದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ದುಡಿಯುವ ಹೊರಗಿನವನಿಗೆ ಒಪ್ಪಿದ ಕೂಲಿ, ನಡುವೆ ಬದಲಾಗದ ಮಾತು, ಅವನ ಮಗುವಿಗೆ ಶಾಲೆಯ ಬಾಗಿಲು ಇವನ್ನು ಕೊಡುವುದಂತೂ ನಮ್ಮ ಕೈಯಲ್ಲಿದೆ. ಅಷ್ಟನ್ನು ಮಾಡಿದವನು ಪರದೇಶದಲ್ಲಿರುವ ತನ್ನ ಮಕ್ಕಳ ಪರವಾಗಿ ನ್ಯಾಯ ಕೇಳಿದರೆ ಅವನ ಮಾತಿಗೆ ತೂಕವಿರುತ್ತದೆ.